ಕೈಗೆ ಕೊಡದ ಉಪ್ಪು

ಸುಮಿತ್ರವ್ವ ಯಾರ ಕೈಗೂ ಏನನ್ನೂ ಕೊಡುವುದಿಲ್ಲ. ಹಾಗೆಂದು ಜಿಪುಣಿ ಎಂದುಕೊಳ್ಳಬೇಡಿ. ಹ್ಯೂಸ್ಟನ್ನಿನಿಂದ ನಾಲ್ಕು ಗಂಟೆ ದಾರಿಯ ಮೆಕಿನ್ನಿಯಲ್ಲಿರುವ ಅವಳ ಮನೆಗೆ ಹೋದವರು ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ, ಏನಾದರೊಂದು ಹೊತ್ತುಕೊಳ್ಳದೆ ವಾಪಸು ಬಂದದ್ದನ್ನು ನಾನು ಕಂಡಿಲ್ಲ. ಆದರೆ ಅವಳು ಕೊಡುವ ರೀತಿಯೇ ಬೇರೆ. ಡಬ್ಬಿಯನ್ನು ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲಿಟ್ಟು, ಎರಡು ಬೆರಳಿನಿಂದ ನಿಮ್ಮ ಕಡೆಗೆ ಸ್ವಲ್ಪ ಸರಿಸಿ, ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಾಳೆ. ಆಮೇಲೆ ನೀವು ಎತ್ತಿಕೊಳ್ಳಬೇಕು. ಚಹಾ ಆದರೂ ಅಷ್ಟೇ, ಕಾರಿನ ಕೀಲಿಯಾದರೂ ಅಷ್ಟೇ.

ನಾನು ಮೈಸೂರಿನವಳು, ಹೆಸರು ಸರೋಜಾ. ಪರಿಚಯವಾದ ಹೊಸದರಲ್ಲಿ, ನನಗಿಂತ ಆರು ವರ್ಷ ಚಿಕ್ಕವಳನ್ನು ಅವ್ವ ಎಂದು ಕರೆಯಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಅವಳು ಇಟ್ಟು ಸರಿಯುವುದನ್ನು ಕಂಡು, ನನ್ನೊಂದಿಗೆ ಎಂಥ ಮಡಿ ಇವಳದು ಎಂದು ಸಿಟ್ಟೂ ಬಂದಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಅವಳು ನಕ್ಕಳು. ಇಳಕಲ್ಲಿಗೆ ಸೊಸೆಯಾಗಿ ಹೋದ ಮೊದಲ ವಾರದಲ್ಲಿ ಅತ್ತೆ ಹೇಳಿದ್ದರಂತೆ, ಉಪ್ಪು, ಖಾರ, ಕತ್ತರಿ ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂದು. ಇದು ನಮ್ಮ ಕಡೆಯೂ ಉಂಟು, ಉಪ್ಪನ್ನು ನಾವೂ ಕೆಳಗಿಟ್ಟೇ ಕೊಡುತ್ತೇವೆ. ಆದರೆ ಸುಮಿತ್ರವ್ವನ ಗಂಡ ಇರಣ್ಣನದು ಓಣಿಗೆಲ್ಲ ಗೊತ್ತಿದ್ದ ಸಿಟ್ಟು. ಹೊಸ ಸೊಸೆ ಹೆದರಿದಳು. ಉಪ್ಪಿಗೆ ಹೇಳಿದ ಮಾತನ್ನು ಚಹಾಕ್ಕೂ, ಟವೆಲ್ಲಿಗೂ, ಕನ್ನಡಕಕ್ಕೂ ಹಚ್ಚಿದಳು. ಇಟ್ಟಳು, ಸರಿದಳು. ಹಾಗೆಯೇ ಮೂವತ್ತೊಂದು ವರ್ಷವಾಯಿತು. ಇಷ್ಟೆಲ್ಲ ಮಾಡಿ ಜಗಳ ಕಡಿಮೆಯಾಯಿತೇ ಎಂದು ಕೇಳಿದೆ.

"ಜಗಳಾ ಎಲ್ಲಿ ಆಗ್ತದ್ರಿ ಸರೋಜಕ್ಕಾರ, ಜಗಳಕ್ಕ ಇಬ್ಬರು ಬೇಕಲ್ಲ," ಎಂದಳು. "ಅವರು ಬೈತಾರ, ನಾ ಕೇಳ್ತೀನಿ."

ಇರಣ್ಣನನ್ನು ಎದುರಿಗೆ ನಾನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಇಲ್ಲಿ ಏಕವಚನ ಸಾಕು, ಅವನ ಮೇಲೆ ನನಗಿನ್ನೂ ಸ್ವಲ್ಪ ಕೋಪವಿದೆ. ಕ್ಯಾರಲ್ಟನ್ನಿನಲ್ಲಿ ಇಪ್ಪತ್ತೈದು ವರ್ಷ ಗ್ರಾನೈಟ್ ಅಂಗಡಿ ನಡೆಸಿದವನು ಅವನು. ಮೆಕಿನ್ನಿ, ಪ್ರಾಸ್ಪರ್ ಕಡೆ ಎದ್ದ ಹೊಸ ಮನೆಗಳಲ್ಲಿ ಅರ್ಧಕ್ಕರ್ಧ ಅಡುಗೆಮನೆಗಳಿಗೆ ಕಲ್ಲು ಕೂರಿಸಿದ್ದು ತಾನೇ ಎನ್ನುತ್ತಾನೆ, ಅದರಲ್ಲಿ ಅರ್ಧ ನಂಬಬಹುದು. ತನ್ನ ಮನೆಯ ಅಡುಗೆ ಕಟ್ಟೆಗೆ ಮಾತ್ರ ಇಳಕಲ್ಲಿನ ಕೆಂಪು ಕಲ್ಲನ್ನೇ ತರಿಸಿ, ತಾನೇ ಕೊಯ್ದು, ತಾನೇ ಕೂರಿಸಿದ್ದ. ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹತ್ತಡಿ ದೂರದಿಂದ ಹೇಳುವ ಕಣ್ಣು ಅವನದು. ಆ ಕಣ್ಣೇ ಹೋಯಿತು. ಗ್ಲಾಕೋಮಾ. ಡಾಕ್ಟರು ಬರೆದುಕೊಟ್ಟ ಹನಿಗಳನ್ನು, ನನಗೇನಾಗಿದೆ ಎಂದು ಬಾತ್‌ರೂಮಿನ ಕಪಾಟಿನಲ್ಲಿ ಎರಡು ವರ್ಷ ಹಾಗೇ ಇಟ್ಟಿದ್ದ. ಹ್ಯೂಸ್ಟನ್ನಿನ ದೊಡ್ಡ ಡಾಕ್ಟರ ಹತ್ತಿರ ಸುಮಿತ್ರವ್ವ ನಾಲ್ಕು ಗಂಟೆ ಡ್ರೈವ್ ಮಾಡಿ ಕರೆದೊಯ್ಯುವಷ್ಟರಲ್ಲಿ ಸುತ್ತಲಿನ ನೋಟವೆಲ್ಲ ಮುಚ್ಚಿಕೊಂಡು, ಕೊಳವೆಯೊಳಗಿಂದ ಇಣುಕಿದ ಹಾಗೆ ನಡುವೆ ಒಂದಿಷ್ಟು ಉಳಿದಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿ ಎಂದರಂತೆ. ಡ್ರೈವಿಂಗ್ ನಿಂತಿತು. ಅಂಗಡಿಯನ್ನು ತನ್ನ ಕೈಕೆಳಗೆ ಕೆಲಸ ಕಲಿತ ಶ್ರೀಶೈಲ್‌ಗೆ ಬಿಟ್ಟುಕೊಟ್ಟ. ಬಿಟ್ಟುಕೊಡದೆ ಇಟ್ಟುಕೊಂಡದ್ದು ಸಿಟ್ಟೊಂದನ್ನೇ.

ಆಮೇಲೆ ಶುರುವಾದದ್ದು ಕಟ್ಟೆಯ ಕಥೆ. ಸುಮಿತ್ರವ್ವ ರೂಢಿಯಂತೆ ಚಹಾ ತಂದು ಕೆಂಪು ಕಲ್ಲಿನ ಮೇಲೆ ಇಡುತ್ತಾಳೆ, ಸರಿಯುತ್ತಾಳೆ. ಆ ಕಂದುಗೆಂಪಿನ ಮೇಲೆ ಲೋಟ ಎಲ್ಲಿದೆಯೆಂದು ಅವನಿಗೆ ಕಾಣುವುದಿಲ್ಲ. ಕೈಯಾಡಿಸುತ್ತಾನೆ, ಲೋಟ ಉರುಳುತ್ತದೆ, ಬೈಗುಳ ಬೀಳುತ್ತದೆ, ಅವಳು ಒರೆಸುತ್ತಾಳೆ. ಮತ್ತೆ ಚಹಾ ಮಾಡುತ್ತಾಳೆ, ಮತ್ತೆ ಕಲ್ಲಿನ ಮೇಲೇ ಇಡುತ್ತಾಳೆ. ಕೈಗೇ ಕೊಡಬಾರದೇನೇ ಎಂದು ನಾನು ಒಮ್ಮೆ ರೇಗಿದರೆ, ಕೊಡಬೇಕು ಅಂತಲೇ ಎತ್ತುತ್ತೇನೆ, ಕೈ ಅಲ್ಲಿಗೇ ಹೋಗಿ ಇಟ್ಟುಬಿಡುತ್ತದೆ ಎಂದಳು. ಅವನೂ ಒಂದು ದಿನವೂ ಕೈ ಚಾಚಿ ಕೇಳಿದವನಲ್ಲ.

ಮನೆಯ ಹೊರಗೆ ಇನ್ನೂ ಕಷ್ಟ. ಕಣ್ಣು ಮಂದವಾದವರಿಗೆ ನಡೆಯುವುದನ್ನು ಕಲಿಸುವ ಒಬ್ಬ ಹೆಂಗಸು ಬಂದು, ಹೆಂಡತಿಯ ಮೊಣಕೈ ಮೇಲೆ ಹಗುರಾಗಿ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಿರಿ, ಅವಳ ಮೈ ತಿರುಗಿದ್ದು ನಿಮಗೆ ತಿಳಿಯುತ್ತದೆ ಎಂದು ತೋರಿಸಿಕೊಟ್ಟಳು. ಹೆಂಡತಿಯ ಹಿಂದೆ ನಡೆಯುವುದೇ? ಇರಣ್ಣ ಮುಂದೆಯೇ ನಡೆದ. ಕ್ಯಾರಲ್ಟನ್ನಿನ ಕಿರಾಣಿ ಅಂಗಡಿಯ ಪಾರ್ಕಿಂಗಿನಲ್ಲಿ ಕಟ್ಟೆ ಎಡವಿ ಬಿದ್ದು ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡ. ಎರಡು ತಿಂಗಳಿಗೆ ಸ್ವಂತ ಗರಾಜಿನಲ್ಲೇ ಬಿದ್ದ. ಆಗ ಆಸ್ಟಿನ್ನಿನಲ್ಲಿರುವ ಮಗಳು ನಿಧಿ ಬಂದು, ಅಪ್ಪ ಬೈದರೆ ಇಂಗ್ಲಿಷಿನಲ್ಲೇ ಎದುರುತ್ತರ ಕೊಟ್ಟು, ಕೊನೆಗೆ ಒಂದು ಮಾತು ಹೇಳಿ ಹೋದಳು. ಇನ್ನೊಂದು ಸಲ ಬಿದ್ದರೆ ಈ ಮನೆ ಮಾರಿ ಇಬ್ಬರೂ ನನ್ನಲ್ಲಿಗೆ ಬರಬೇಕು, ಕೆಳಗಿನ ಕೋಣೆ ಖಾಲಿ ಇದೆ, ದೀಪಾವಳಿಗೆ ಬಂದು ನೋಡಿ ತೀರ್ಮಾನ ಮಾಡುತ್ತೇನೆ ಎಂದು. ಇರಣ್ಣನಿಗೆ ಅದು ಸಾಯುವುದಕ್ಕಿಂತ ಕಡೆ. ಒಂದೊಂದು ಕಲ್ಲನ್ನೂ ತಾನೇ ಕೂರಿಸಿದ ಮನೆ, ಕಣ್ಣು ಮುಚ್ಚಿ ಓಡಾಡಬಲ್ಲ ಒಂದೇ ಜಾಗ ಅದು.

ಸುಮಿತ್ರವ್ವನಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ, ಅವಳಾಗಿ ಹೇಳಿದಳು. ಒಂದು ಮಧ್ಯಾಹ್ನ ಅದೇ ಕಿರಾಣಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಬ್ಬರೂ ಕೂತಿದ್ದೆವು. ಇಳಿಯಲು ಅವಳಿಗೆ ಏಳಲಾಗಲಿಲ್ಲ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡೇ ಇದ್ದಳು.

"ಇನ್ನೊಮ್ಮೆ ಬಿದ್ರ ಛಲೋ ಅಂತ ಅನಸ್ತದ್ರಿ," ಎಂದಳು. "ಬಿದ್ರ ಆಸ್ಟಿನ್‌ಗೆ ಹೋಗೂದಾಗ್ತದ. ನಾ ಒಂದೀಟು ಕುಂದರಬಹುದು."

ಹೇಳಿದವಳೇ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು. ಗಂಡ ಬೀಳಲಿ ಎಂದು ಬಯಸುವಷ್ಟು ದಣಿದಿದ್ದಳು. ಹುಬ್ಬಳ್ಳಿಯ ಕಾಲೇಜಿನಲ್ಲಿ ಬಿ.ಕಾಂ. ಓದಿದವಳು, ಅಂಗಡಿಯ ಕಾಗದಪತ್ರವನ್ನೆಲ್ಲ ಒಬ್ಬಳೇ ನೋಡಿಕೊಂಡವಳು, ಈಗ ದಿನವಿಡೀ ಒಬ್ಬ ಮನುಷ್ಯನ ಪಾದಗಳನ್ನು ನೋಡುತ್ತ ಕೂತಿದ್ದಾಳೆ. ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದದ್ದು ನನ್ನ ಡ್ಯಾನ್ಸ್ ಕ್ಲಾಸಿನ ವಿಷಯ. ಬೇರೆ ಏನೂ ಹೊಳೆಯಲಿಲ್ಲ, ಅದಕ್ಕೇ ಹೇಳಿದೆ.

ನಗಬೇಡಿ. ಮೊಣಕಾಲಿಗೆ ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಕ್ಯಾರಲ್ಟನ್ನಿನ ಹಿರಿಯರ ಕೇಂದ್ರದಲ್ಲಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಡೆಯುವ ಸ್ವಿಂಗ್ ಡ್ಯಾನ್ಸ್ ಕ್ಲಾಸಿಗೆ ನಾನು ಒಂದು ವರ್ಷದಿಂದ ಹೋಗುತ್ತಿದ್ದೆ. ಜೋಡಿಯಾಗಿ ಕೈ ಹಿಡಿದು ಆಡುವ ಕುಣಿತ. ಹಿಂದಕ್ಕೊಂದು ಹೆಜ್ಜೆ, ಮುಂದಕ್ಕೆ ತೂಗು, ಆ ಕಡೆ ಮೂರು ಪುಟ್ಟ ಹೆಜ್ಜೆ, ಈ ಕಡೆ ಮೂರು. ಒಬ್ಬರು ನಡೆಸುವವರು, ಇನ್ನೊಬ್ಬರು ಅನುಸರಿಸುವವರು. ನಮ್ಮ ಯಜಮಾನರು ಪ್ರಭಂಜನ, ಈ ವಯಸ್ಸಿಗೆ ಕುಣಿದರೆ ಸೊಂಟಕ್ಕೆ ಒಳ್ಳೆಯದಲ್ಲ ಎಂದು ಸೋಫಾ ಬಿಟ್ಟೇಳಲಿಲ್ಲ. ಹಾಗಾಗಿ ನನಗೆ ಜೋಡಿ ಎಪ್ಪತ್ತೆಂಟು ವರ್ಷದ ಒಬ್ಬ ನಿವೃತ್ತ ಪೋಸ್ಟ್‌ಮನ್. ಗಂಡಹೆಂಡತಿ ಜೋಡಿಯಾಗಿ ಬನ್ನಿ ಎಂದು ಇರಣ್ಣನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಗಂಡಸು ನಡೆಸುವುದು, ಹೆಂಗಸು ಅನುಸರಿಸುವುದು, ಹೌದಲ್ಲ ಎಂದು. ನಾನು ಯೋಚಿಸದೆ ಹೌದು ಎಂದೆ. ತಕ್ಷಣ ಒಪ್ಪಿಕೊಂಡ. ಹೊರಗೆ ಹೆಂಡತಿಯ ಕೈ ಹಿಡಿಯಲಾರದವನಿಗೆ ಹಿಡಿದು ಎಳೆಯಲು ಅಡ್ಡಿಯಿರಲಿಲ್ಲ.

ಮೊದಲ ಶನಿವಾರವೇ ಸುಮಿತ್ರವ್ವನನ್ನು ಎಳೆದುಕೊಂಡು ಹೋಗಿ ಮೂಲೆಯಲ್ಲಿ ಜೋಡಿಸಿಟ್ಟಿದ್ದ ಕುರ್ಚಿಗಳಿಗೆ ಗುದ್ದಿದ. ಎರಡನೆಯ ವಾರ ನನ್ನ ಪೋಸ್ಟ್‌ಮನ್ನನ ಬೆನ್ನಿಗೆ. ನಮಗೆ ಕಲಿಸುವವಳು ವೆಲ್ಮಾ ಎಂಬ ಎಪ್ಪತ್ತಾರರ ಮುದುಕಿ, ಕಿವಿಗೆ ಯಂತ್ರ, ಕಾಲಿಗೆ ಕೆಂಪು ಬೂಟು. ಅವಳು ಹಾಡು ನಿಲ್ಲಿಸಿ, ಇಬ್ಬರ ಕೈಯನ್ನೂ ಒಂದೊಂದಾಗಿ ಹಿಡಿದು ನೋಡಿದಳು. ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚಿಕೊಂಡು ನೋಡಿದಳು. ಇರಣ್ಣನಿಗೆ, ನಿನ್ನದು ಜಾಮ್ ಆದ ಬಾಗಿಲು ದೂಡುವವನ ಕೈ ಎಂದಳು. ಸುಮಿತ್ರವ್ವನ ಕೈಯನ್ನು ಮಾತ್ರ ಎರಡು ಸಲ, ಮೂರು ಸಲ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದಳು. ಆಮೇಲೆ ಹೇಳಿದ್ದು ನನಗೆ ಈಗಲೂ ನೆನಪಿದೆ. ನಾನು ಹಿಡಿಯುವ ಮೊದಲೇ ನೀನು ಬಿಟ್ಟಿರುತ್ತೀಯಲ್ಲಮ್ಮ, ಯಾರು ಹೇಳಿಕೊಟ್ಟರು ನಿನಗಿದನ್ನು, ಎಂದಳು.

ನನಗೆ ಇಳಕಲ್ಲಿನ ಅತ್ತೆ ನೆನಪಾದರು. ಸುಮಿತ್ರವ್ವ ನನ್ನ ಕಡೆ ನೋಡಿದಳು, ಅವಳಿಗೂ ನೆನಪಾಗಿತ್ತು. ಆದರೆ ಈ ಮುದುಕಿಗೆ ಅದನ್ನೆಲ್ಲ ಹೇಗೆ ಹೇಳುವುದು?

ವೆಲ್ಮಾ ಬಯಸುತ್ತಿದ್ದದ್ದು ದೊಡ್ಡ ವಿದ್ಯೆಯೇನಲ್ಲ. ಇಬ್ಬರೂ ಬೆರಳು ಕೊಕ್ಕೆ ಹಾಕಿದಂತೆ ಹಿಡಿದು, ಒಂದು ಎಳೆ ಹಿಂದಕ್ಕೆ ವಾಲಬೇಕು. ಅವಳ ಭಾರ ಇವನ ಬೆರಳಲ್ಲಿ, ಇವನ ಭಾರ ಅವಳ ಬೆರಳಲ್ಲಿ ಇರಬೇಕು. ಬಿಗಿ ಹಿಡಿದರೂ ಕೆಟ್ಟಿತು, ಸಡಿಲ ಬಿಟ್ಟರೂ ಕೆಟ್ಟಿತು. ಹಾಗಿದ್ದಾಗ ಒಬ್ಬರು ಇಷ್ಟು ಸರಿದರೆ ಇನ್ನೊಬ್ಬರಿಗೆ ತಾನಾಗಿ ತಿಳಿಯುತ್ತದೆ, ಕಣ್ಣೂ ಬೇಡ, ಊಹೆಯಂತೂ ಬೇಡವೇ ಬೇಡ. ಇಷ್ಟು ಹೇಳಿ ಅವಳು ಜೋಡಿಯನ್ನು ಅದಲುಬದಲು ಮಾಡಿದಳು, ಇನ್ನು ಸುಮಿತ್ರವ್ವ ನಡೆಸಬೇಕು, ಇರಣ್ಣ ಅನುಸರಿಸಬೇಕು. ನನ್ನ ಕ್ಲಾಸಿನಲ್ಲಿ ನೆಲ ಕಾಣುವವರು ನಡೆಸುತ್ತಾರೆ, ಗಂಡಸೋ ಹೆಂಗಸೋ ನನಗೆ ಬೇಕಿಲ್ಲ ಎಂದಳು.

ಇರಣ್ಣ ಕೈ ಕಿತ್ತುಕೊಂಡು ಹೋಗಿ ಕುರ್ಚಿಯಲ್ಲಿ ಕೂತ. ವಾಪಸು ಬಂದು ಮನೆಯ ಬಾಗಿಲಲ್ಲಿ, ಆ ಮುದುಕಿ ತನ್ನನ್ನು ಕರಡಿ ಮಾಡಿ ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟಳು ಎಂದು ಸಿಡಿದ. ಆದರೂ ಮುಂದಿನ ಶನಿವಾರ ಬಂದ, ಏಕೆಂದರೆ ಅಪ್ಪ ತರಬೇತಿಗೆ ಹೋಗುತ್ತಿದ್ದಾರೆ ಎಂದು ಸುಮಿತ್ರವ್ವ ನಿಧಿಗೆ ಹೇಳಿಬಿಟ್ಟಿದ್ದಳು, ಅದನ್ನು ಕೇಳಿ ನಿಧಿ ಸ್ವಲ್ಪ ಮೆತ್ತಗಾಗಿದ್ದಳು. ಬಂದರೇನು, ಹೆಸರಿಗೆ ಅನುಸರಿಸುವವನು. ಅವಳು ಸರಿಯುವ ಮೊದಲೇ ಊಹೆ ಮಾಡಿ ತಾನು ಹೆಜ್ಜೆ ಹಾಕುತ್ತಿದ್ದ. ಊಹೆ ತಪ್ಪಿದಾಗಲೆಲ್ಲ ಅವಳ ಪಾದದ ಮೇಲೆ ನಿಲ್ಲುತ್ತಿದ್ದ. ಅವಳೋ, ತಾನು ನಡೆಸಬೇಕು ಎಂಬುದನ್ನೇ ಮರೆತು, ಅವನು ಎಳೆದತ್ತ ಹೋಗುತ್ತಿದ್ದಳು. ಐದು ಶನಿವಾರ ಹೀಗೇ ಆಯಿತು. ಅವಳ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಯಿತು. ಐದನೆಯ ವಾರ ಶೂ ಬಿಚ್ಚಿ ಅದನ್ನು ನೋಡಿಕೊಳ್ಳುತ್ತ, ಬಿಡ್ರಿ ಸರೋಜಕ್ಕಾರ, ದೀಪಾವಳಿಗೆ ನಿಧಿ ಬರಲಿ, ಹೋಗಿಬಿಡುತ್ತೇವೆ ಎಂದಳು. ನನಗೂ ಸಾಕಾಗಿತ್ತು. ಕ್ಲಾಸಿನ ಮಾತೆತ್ತಿದ ನನ್ನ ಬಾಯಿಯನ್ನು ನಾನೇ ಬೈದುಕೊಂಡೆ.

ಸೆಪ್ಟೆಂಬರ್ ಕೊನೆಯ ಭಾನುವಾರ, ಅವಳ ಡಬ್ಬಿಗಳನ್ನು ಹಿಂದಿರುಗಿಸಲು ಮೆಕಿನ್ನಿಗೆ ಹೋಗಿದ್ದೆ. ಬೆಳಿಗ್ಗೆ ಒಂಬತ್ತಕ್ಕೇ ಸುಡುವ ಬಿಸಿಲು. ಹಿತ್ತಲ ಗೇಟಿನ ಬಳಿ ಶ್ರೀಶೈಲ್‌ನ ವ್ಯಾನು ನಿಂತಿತ್ತು. ಅಡುಗೆ ಕಟ್ಟೆಯ ಕೆಂಪು ಕಲ್ಲಿನಲ್ಲಿ ಉಳಿದಿದ್ದ ಮೂರಡಿ ಉದ್ದದ ಒಂದು ತುಂಡು ಅಂಗಡಿಯಲ್ಲಿ ಬಿದ್ದಿತ್ತಂತೆ. ಅದನ್ನು ಹಿತ್ತಲ ಮರದ ಕೆಳಗೆ ಕೂರಲು ಹಾಕಿಸಬೇಕೆಂದು ಇರಣ್ಣ ಹೇಳಿ ಕಳಿಸಿದ್ದ. ಮರದಡಿ ಎರಡು ಇಟ್ಟಿಗೆಯ ಆಸರೆ ಮೊದಲೇ ಸಿದ್ಧವಾಗಿತ್ತು. ಜೊತೆಗೆ ಬರಬೇಕಾದವನು ಬರಲಿಲ್ಲ, ಶ್ರೀಶೈಲ್ ಒಬ್ಬನೇ ಕಲ್ಲನ್ನು ಇಳಿಸಿ ಗೇಟಿಗೆ ಒರಗಿಸುವಷ್ಟರಲ್ಲಿ ಅವನ ಸೊಂಟ ಹಿಡಿದುಕೊಂಡಿತ್ತು. ನಾಳೆ ಇಬ್ಬರನ್ನು ಕರೆತರುತ್ತೇನೆ ಎಂದ. ಇಷ್ಟೇ ಉದ್ದದ ಕಲ್ಲಿಗೆ ಇನ್ನೂ ಇಬ್ಬರು ಬೇಕೇ ಎಂದು ರೇಗಿ ಇರಣ್ಣ ಬಗ್ಗಿ ಒಂದು ತುದಿ ಹಿಡಿದೇಬಿಟ್ಟ. ಇನ್ನೊಂದು ತುದಿಗೆ ಯಾರೂ ಇರಲಿಲ್ಲ. ಸುಮಿತ್ರವ್ವ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದು ಅದನ್ನು ಹಿಡಿದಳು.

ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಅಂಗಡಿಯ ಮೊದಲ ಎರಡು ವರ್ಷ ಆಳುಗಳೇ ಇರಲಿಲ್ಲ, ಗಂಡಹೆಂಡತಿಯೇ ಕಲ್ಲು ಹೊತ್ತರಂತೆ. ಅದು ನನಗೆ ಆಮೇಲೆ ಗೊತ್ತಾದದ್ದು. ಕಲ್ಲನ್ನು ಅಡ್ಡ ಮಲಗಿಸಿ ಹೊತ್ತರೆ ನಡುವೆ ಮುರಿಯುತ್ತದೆ, ಅಂಚಿನ ಮೇಲೆ ನಿಲ್ಲಿಸಿಯೇ ಹೊರಬೇಕು. ಒಬ್ಬರು ದಾರಿ ನೋಡುತ್ತ ಮುಂದಕ್ಕೆ ನಡೆಯುತ್ತಾರೆ, ಇನ್ನೊಬ್ಬರು ಹಿಮ್ಮುಖವಾಗಿ. ಹಿಮ್ಮುಖವಾಗಿ ನಡೆಯುವವರು ತಿರುಗಿ ನೋಡಬಾರದು, ಕೇಳಲೂ ಬಾರದು. ತಿರುಗಿದರೆ ಕಲ್ಲು ವಾಲುತ್ತದೆ. ಎದುರಿನವರು ನಿಧಾನ ಮಾಡಿದರೆ, ಪಕ್ಕಕ್ಕೆ ಹೊರಳಿದರೆ ಅದು ಕಲ್ಲಿನೊಳಗಿಂದಲೇ ಕೈಗೆ ಬರುತ್ತದೆ. ಆ ಎರಡು ವರ್ಷ ಹಿಮ್ಮುಖವಾಗಿ ನಡೆದವಳು ಸುಮಿತ್ರವ್ವ. ಈ ಸಲ ಸಿಟ್ಟಿನ ಭರದಲ್ಲಿ ಇರಣ್ಣ ಹಿಡಿದ ತುದಿ ಮರದ ಕಡೆಯದು. ಕಲ್ಲು ನೆಲಬಿಟ್ಟು ಎದ್ದ ಮೇಲೇ ಅವನಿಗೆ ಅದು ತಿಳಿದದ್ದು. ಬೆನ್ನ ಹಿಂದೆ ಹಿತ್ತಲು, ಎದುರಿಗೆ ಹೆಂಡತಿ. ಇಳಿಸಿದರೆ ಸೋತಂತೆ.

"ನಡೀರಿ," ಎಂದಳು ಸುಮಿತ್ರವ್ವ.

ಅವಳು ಗಂಡನಿಗೆ ಆಜ್ಞೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗೇಟಿನಿಂದ ಮರಕ್ಕೆ ನಲವತ್ತು ಹೆಜ್ಜೆಯಿರಬಹುದು. ನಡುವೆ ನೀರಿನ ಪೈಪು ಸುತ್ತಿಕೊಂಡು ಬಿದ್ದಿತ್ತು, ಮೆಂತ್ಯ ಪುದೀನದ ಮಡಿಯ ಮೂಲೆ ಇತ್ತು, ಎರಡು ಮೆಟ್ಟಿಲಿದ್ದವು. ಅವಳು ಪೈಪಿನ ಬಳಿ ನಿಧಾನಿಸಿದಳು, ಅವನೂ ನಿಧಾನಿಸಿ ಕಾಲೆತ್ತಿ ಇಟ್ಟ. ಮಡಿಯ ಮೂಲೆಯಲ್ಲಿ ಅವಳು ಎಡಕ್ಕೆ ಹೊರಳಿದಳು, ಅವನೂ ಹೊರಳಿದ. ಮೆಟ್ಟಿಲಿನ ಮುಂದೆ ಅವಳು ಉಸಿರು ಹಿಡಿದು ನಿಂತಳು. ಅವನೂ ನಿಂತು, ಹಿಮ್ಮಡಿಯಿಂದ ಅಂಚು ಹುಡುಕಿ, ಒಂದು ಇಳಿದ, ಎರಡು ಇಳಿದ. ಒಮ್ಮೆಯೂ ಬೈಯಲಿಲ್ಲ. ಆಸರೆಯ ಮೇಲೆ ಕಲ್ಲು ಕೂತ ಮೇಲೆ ಅದರ ಮೇಲೇ ಕುಸಿದು ಕೂತು ಏದುಸಿರು ಬಿಟ್ಟ. ಅಂಗೈಯಿಂದ ಕಲ್ಲನ್ನು ಉದ್ದಕ್ಕೂ ಸವರಿದ.

"ಆ ಮುದುಕಿ ಹೇಳೂದು ಇದನ್ನೇನು?" ಎಂದು ಕೊನೆಗೆ ಕೇಳಿದ.

"ಇದ್ದೀತ್ರಿ," ಎಂದು ಸುಮಿತ್ರವ್ವ ಒಳಗೆ ಹೋದಳು. ಒಲೆಯ ಮೇಲೆ ಬೇಳೆ ಇತ್ತು.

ಮುಂದಿನ ಶನಿವಾರ ಕ್ಲಾಸಿನಲ್ಲಿ ಅವನು ಕೈ ಕೊಟ್ಟು ಕಾದ. ಅಷ್ಟೇ, ಕಾದ. ಸುಮಿತ್ರವ್ವನಿಗೇ ಗಾಬರಿಯಾಗಿ ಮೊದಲ ಹಾಡೆಲ್ಲ ನಿಂತಲ್ಲೇ ತೂಗಾಡಿದಳು. ವೆಲ್ಮಾ ಹತ್ತಿರ ಬಂದು ಅವಳ ಬೆರಳುಗಳನ್ನು ಅವನ ಬೆರಳಿಗೆ ಸಿಕ್ಕಿಸಿ, ಮೇಲೆ ತನ್ನ ಕೈ ಇಟ್ಟು, ಬಿಡಬೇಡ, ಅವನು ತೆಗೆದುಕೊಳ್ಳುವ ತನಕ ಬಿಡಬೇಡ ಎಂದು ಹೇಳಿ ಹೋದಳು. ಎರಡನೆಯ ಹಾಡಿಗೆ ಹೆಜ್ಜೆ ಕೂಡಿತು. ಅಂಥ ಸೊಗಸೇನಿರಲಿಲ್ಲ. ಇಬ್ಬರೂ ಸೊಪ್ಪು ಕೊಳ್ಳಲು ಹೊರಟವರಂತೆ ಮುಖ ಮಾಡಿಕೊಂಡು, ಹಿಂದಕ್ಕೊಂದು ಮುಂದಕ್ಕೊಂದು ಹಾಕುತ್ತಿದ್ದರು. ಆದರೆ ಕುರ್ಚಿಗೆ ಗುದ್ದಲಿಲ್ಲ, ಪೋಸ್ಟ್‌ಮನ್ನನ ಬೆನ್ನಿಗೂ ಗುದ್ದಲಿಲ್ಲ. ನಾನು ನನ್ನ ಹೆಜ್ಜೆ ತಪ್ಪಿ ಅವರನ್ನೇ ನೋಡುತ್ತಿದ್ದೆ.

ಹಾಡಿನ ನಡುವೆ ಇರಣ್ಣ ನಿಂತುಬಿಟ್ಟ. ನಾವು ಪಕ್ಕದಲ್ಲೇ ಇದ್ದೆವು, ಅವನು ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಕೇಳಿತು.

"ನಿನ್ನ ಕೈ ನಡಗಾಕತ್ತದ."

"ಹೌದ್ರಿ."

"ಯಾವಾಗಿಂದ?"

"ಭಾಳ ದಿನಾ ಆತ್ರಿ," ಎಂದಳು ಅವಳು.

ಹಾಡು ಮುಗಿಯಿತು, ಕೈ ಬಿಡಿಸಿಕೊಂಡರು. ಹತ್ತಡಿಯಿಂದ ಕೂದಲೆಳೆಯ ಬಿರುಕು ಕಾಣುತ್ತಿದ್ದವನು ಈ ನಡುಕವನ್ನು ಯಾಕೆ ಕಾಣಲಿಲ್ಲ ಎಂದು ಕೇಳಬೇಕೆನಿಸಿತು ನನಗೆ. ಹೊರಗೆ ಪಾರ್ಕಿಂಗಿಗೆ ಹೋಗುವಾಗ ಅವನು ಮುಂದೆ ನಡೆಯಲಿಲ್ಲ. ಅವಳ ಮೊಣಕೈ ಹುಡುಕಿ ಹಿಡಿದ. ಹಿಡಿಯುವುದೂ ಬರಲಿಲ್ಲ, ಅಂಗಿಯ ತೋಳನ್ನು ಹಿಡಿದುಕೊಂಡಿದ್ದ. ಅವಳು ತಿರುಗಿ ನೋಡಲಿಲ್ಲ.

ಮುಂದೇನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ದೀಪಾವಳಿಗೆ ನಿಧಿ ಬಂದಳು, ನಾಲ್ಕು ದಿನ ಇದ್ದು, ಅಪ್ಪ ಅವ್ವನ ತೋಳು ಹಿಡಿದು ಬೀಳದೆ ನಡೆಯುವುದನ್ನು ನೋಡಿದಳು, ಒಬ್ಬಳೇ ಆಸ್ಟಿನ್ನಿಗೆ ವಾಪಸು ಹೋದಳು. ಗಂಡಹೆಂಡತಿ ಮೆಕಿನ್ನಿಯಲ್ಲೇ ಇದ್ದಾರೆ. ಕುಣಿತದಲ್ಲಿ ಅವರು ಇವತ್ತಿಗೂ ನಮ್ಮ ಕ್ಲಾಸಿನ ಕೊನೆಯ ಜೋಡಿ. ನಿಧಿ ಒಬ್ಬಳೇ ಹೋಗುವ ಹಾಗಾದದ್ದು ಕ್ಲಾಸಿನಿಂದಲ್ಲ, ಆ ಶನಿವಾರದ ಮಧ್ಯಾಹ್ನದ ಊಟದಿಂದ. ಆಗ ನಾನು ಅಲ್ಲಿದ್ದೆ.

ಕ್ಲಾಸು ಮುಗಿಸಿ ಅವರ ಮನೆಗೇ ಊಟಕ್ಕೆ ಹೋಗಿದ್ದೆವು. ಸುಮಿತ್ರವ್ವ ಬೇಳೆ ಸಾರು ಬಿಸಿ ಮಾಡಿ, ರೊಟ್ಟಿ, ಬದನೆಕಾಯಿ ಎಣಗಾಯಿ ತಂದಿಟ್ಟಳು. ಇರಣ್ಣ ಕಟ್ಟೆಯ ಆ ಬದಿಗೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ. ಸಾರಿನ ರುಚಿ ನೋಡಿ, ಉಪ್ಪು ಸಾಲದು ಎಂದ. ಅವಳು ಉಪ್ಪಿನ ಡಬ್ಬಿ ತಂದಳು. ಕಲ್ಲಿನ ಮೇಲಿಡಲು ಹೋದಳು. ಅವನು ಅಷ್ಟರಲ್ಲಿ ಕೈ ಚಾಚಿದ್ದ. ಅಂಗೈ ಮೇಲೆ ಮಾಡಿ, ಕಲ್ಲಿಗೆ ತಾಗಿಸದೆ, ಗಾಳಿಯಲ್ಲಿ ಹಿಡಿದುಕೊಂಡಿದ್ದ.

"ಕೈಯಾಗ ಕೊಡು," ಎಂದ.

"ಉಪ್ಪು ಐತ್ರಿ," ಎಂದಳು ಅವಳು. "ಜಗಳಾ ಆಗ್ತದ."

"ಆಗ್ಲಿ."

ಅವಳು ಡಬ್ಬಿ ಹಿಡಿದು ನಿಂತೇ ಇದ್ದಳು. ಮೂವತ್ತೊಂದು ವರ್ಷದ ರೂಢಿ, ಕೈ ಎರಡು ಸಲ ಕಲ್ಲಿನ ಕಡೆಗೇ ಹೋಯಿತು. ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. 'ಬಿಡಬೇಡ, ಅವನು ತೆಗೆದುಕೊಳ್ಳುವ ತನಕ ಬಿಡಬೇಡ' ಎಂದು ನನ್ನೊಳಗೇ ನಾನು ಅಂದುಕೊಳ್ಳುತ್ತಿದ್ದೆ. ಕೊನೆಗೆ ಅವಳು ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟಳು, ಬೆರಳು ಹಿಂದಕ್ಕೆ ತೆಗೆಯಲಿಲ್ಲ. ಅವನ ಬೆರಳುಗಳು ಡಬ್ಬಿಯ ಸುತ್ತ, ಅವಳ ಬೆರಳುಗಳ ಮೇಲೆ ಮುಚ್ಚಿಕೊಂಡವು.

ಅತ್ತೆಯ ಮಾತು ಸುಳ್ಳಾಗಲಿಲ್ಲ. ಜಗಳವಾಯಿತು. ನಾನು ಕಂಡ ಹಾಗೆ ಆ ಮನೆಯಲ್ಲಿ ಇಬ್ಬರೂ ಸೇರಿ ಆಡಿದ ಮೊದಲ ಜಗಳ ಅದು. ಸುಮಿತ್ರವ್ವ ಶುರು ಮಾಡಿದ್ದು ಕಣ್ಣಿನ ಹನಿಯಿಂದ. ಎರಡು ವರ್ಷ ಕಪಾಟಿನಲ್ಲಿ ಇಟ್ಟಿರಲ್ಲ, ನಾನು ದಿನಾ ಬೆಳಿಗ್ಗೆ ಆ ಸೀಸೆ ಅಲುಗಾಡಿಸಿ ನೋಡುತ್ತಿದ್ದೆ, ಕೇಳಿದರೆ ಬೈಯುತ್ತೀರೆಂದು ಸುಮ್ಮನಿದ್ದೆ ಎಂದಳು. ಕೇಳಬೇಕಾಗಿತ್ತು ಎಂದ ಅವನು, ದನಿ ಏರಿಸಿಯೇ. ಕೇಳಿದ್ದರೆ ಹಾಕುತ್ತಿದ್ದಿರೇನು ಎಂದಳು, ಅವಳ ದನಿ ಅವನದಕ್ಕಿಂತ ಮೇಲೆ ಹೋಯಿತು. ಹ್ಯೂಸ್ಟನ್ನಿನ ದಾರಿ ಬಂತು, ಉರುಳಿದ ಚಹಾ ಬಂತು, ಕಪ್ಪಾದ ಉಗುರು ಬಂತು. ಎಲ್ಲಕ್ಕೂ ಅವನು ಒಂದೊಂದು ಉತ್ತರ ಕೊಟ್ಟ, ಕೊಟ್ಟದ್ದು ಅರ್ಧ ತಪ್ಪು ಉತ್ತರ. ನಾನು ಎದ್ದು ಹೋಗಬೇಕಾಗಿತ್ತು, ಹೋಗಲಿಲ್ಲ. ಇಷ್ಟರಲ್ಲೂ ಉಪ್ಪಿನ ಡಬ್ಬಿ ಇಬ್ಬರ ಕೈಯಲ್ಲೂ ಹಾಗೇ ಇತ್ತು.

"ದಣದಿದ್ರ ಆಸ್ಟಿನ್‌ಗೆ ಹೋಗೂಣ ನಡಿ," ಎಂದ ಇರಣ್ಣ. ಆ ಮಾತು ಅವನ ಬಾಯಿಂದ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಹೋಗೂದು ಬಿಡೂದು ಆಮ್ಯಾಲ," ಎಂದಳು ಸುಮಿತ್ರವ್ವ. ಆಮೇಲೆ ನನಗೆ ಕಾರಿನಲ್ಲಿ ಹೇಳಿ ಬಾಯಿ ಮುಚ್ಚಿಕೊಂಡದ್ದನ್ನು ಅವನ ಎದುರಿಗೇ ಹೇಳಿದಳು. "ನೀವು ಇನ್ನೊಮ್ಮೆ ಬೀಳಲಿ ಅಂತ ಬೇಡಿಕೊಂಡೀನ್ರಿ ನಾ. ದೇವರ ಮುಂದ ನಿಂತು ಬೇಡಿಕೊಂಡೀನಿ."

ನಾನು ಕಣ್ಣು ಮುಚ್ಚಿಕೊಂಡೆ. ಈಗ ಡಬ್ಬಿ ಗೋಡೆಗೆ ಹೋಗುತ್ತದೆ ಎಂದುಕೊಂಡೆ. ಏನೂ ಸದ್ದಾಗಲಿಲ್ಲ. ಕಣ್ಣು ತೆರೆದರೆ ಅವನು ತಲೆ ತಗ್ಗಿಸಿ, ಕಾಣದ ಕಣ್ಣನ್ನು ಆ ಎರಡು ಕೈಗಳ ಮೇಲೇ ನೆಟ್ಟು ಕೂತಿದ್ದ.

"ಮುಂದ ಹೇಳು," ಎಂದ.

ಅವಳು ಹೇಳಿದಳು. ಸಾರು ಆರಿತು. ಅವಳ ಮಾತು ಮುಗಿಯುವವರೆಗೆ ಅವನು ಕೈ ಬಿಡಲಿಲ್ಲ.